ಹಗಲುಗನಸಿನ ಖಾಸಗಿ ರಂಗಮಂದಿರ

ಪುಸ್ತಕ ತೆರೆದಿಟ್ಟು ಕಿಟಕಿಯಾಚೆ ನೋಡುತ್ತ ಕುಳಿತ ಮಗನಿಗೆ ‘ಗಾಳಿಗೋಪುರ ಕಟ್ಟಬೇಡ’ ಎಂದು ಗದರುವುದು ಎಲ್ಲ ಮನೆಗಳಲ್ಲೂ ಉಂಟು. ಹಿಟ್ಟಿನ ಗಡಿಗೆಯನ್ನು ಒದ್ದು ಒಡೆದುಕೊಂಡ ಪಂಚತಂತ್ರದ ಬ್ರಾಹ್ಮಣನ ಕಾಲದಿಂದಲೂ ಹಗಲುಗನಸೆಂದರೆ ಕೆಲಸಗೇಡಿತನವೆಂದೇ ಲೆಕ್ಕ. ಅದನ್ನು ವೈದ್ಯರ ಕಡತಕ್ಕೆ ತಂದ ಯುವತಿಯೊಬ್ಬಳ ಕಥೆ ಮಾತ್ರ ಬೇರೆಯೇ ಆಗಿದೆ.

1859ರಲ್ಲಿ ವಿಯೆನ್ನಾದ ಸಿರಿವಂತ ಯಹೂದಿ ಮನೆತನದಲ್ಲಿ ಹುಟ್ಟಿದ ಬರ್ತಾ ಪಾಪ್ಪೆನ್‌ಹೈಮ್ ಚುರುಕುಬುದ್ಧಿಯ ಹುಡುಗಿ. ಆದರೆ ಶಾಲೆ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ಮುಂದಿನ ಓದಿರಲಿಲ್ಲ. ಕೈ ಮನೆಗೆಲಸದಲ್ಲಿದ್ದರೂ ಆಕೆಯ ಮನಸ್ಸು ಕಥೆ ಹೆಣೆಯುತ್ತಿತ್ತು. ಮಾತನಾಡಿಸಿದರೆ ತಟ್ಟನೆ ಉತ್ತರಿಸುತ್ತಿದ್ದುದರಿಂದ ಯಾರಿಗೂ ಇದು ತಿಳಿಯಲಿಲ್ಲ. ಆಕೆ ಅದನ್ನು ತನ್ನ ‘ಖಾಸಗಿ ರಂಗಮಂದಿರ’ ಎನ್ನುತ್ತಿದ್ದಳು.

1880ರಲ್ಲಿ ತಂದೆ ಹಾಸಿಗೆ ಹಿಡಿದರು. ಆರೈಕೆಗೆ ನಿಂತ ಮಗಳೂ ಕಾಯಿಲೆ ಬಿದ್ದಳು. ಕೈಕಾಲು ಸೆಟೆದವು, ಕೆಲಕಾಲ ಜರ್ಮನ್ ಬಿಟ್ಟು ಇಂಗ್ಲಿಷ್ ಮಾತ್ರ ಆಡಿದಳು. ಚಿಕಿತ್ಸೆ ನೀಡಿದ ಜೋಸೆಫ್ ಬ್ರಾಯರ್, ಸಿಗ್ಮಂಡ್ ಫ್ರಾಯ್ಡ್ ಜತೆಗೂಡಿ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆಯನ್ನು ‘ಅನ್ನಾ ಓ.’ ಎಂದು ಕರೆದರು. ಬೇಸರದ ಮನೆವಾಸ ಮತ್ತು ಹಗಲುಗನಸಿನ ರೂಢಿ, ಇವೆರಡೂ ಕಾಯಿಲೆಗೆ ನೆಲ ಹದಮಾಡಿದವು ಎಂಬುದು ಅವರ ಅಭಿಪ್ರಾಯವಾಗಿತ್ತು.

ಎಲ್ಲ ಹಗಲುಗನಸೂ ಒಂದೇ ಅಲ್ಲವೆಂದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಸಿಂಗರ್. ಈ ಕುರಿತ ಅವರ ಗ್ರಂಥ 1966ರಲ್ಲಿ ಬಂತು. ಅವರು ಗುರುತಿಸಿದ್ದು ಮೂರು ಬಗೆ: ಉಲ್ಲಾಸದ, ಯೋಜನೆಗೆ ನೆರವಾಗುವ ಕನಸು, ಸೋಲು, ತಪ್ಪಿತಸ್ಥ ಭಾವಗಳ ಕನಸು, ಎಲ್ಲಿಯೂ ನಿಲ್ಲದ ಚಂಚಲ ಮನಸ್ಸು. 1997ರಲ್ಲಿ ಅವರೂ ಸಹೋದ್ಯೋಗಿಯೂ ಇವನ್ನು ವ್ಯಕ್ತಿತ್ವದೊಂದಿಗೆ ತಾಳೆ ನೋಡಿದರು. ಮೊದಲನೆಯದು ಹೊಸತಿಗೆ ತೆರೆದುಕೊಳ್ಳುವವರಲ್ಲಿ, ಎರಡನೆಯದು ಆತಂಕದ ಸ್ವಭಾವದವರಲ್ಲಿ, ಮೂರನೆಯದು ಶಿಸ್ತು ಕಡಿಮೆ ಇರುವವರಲ್ಲಿ ಹೆಚ್ಚೆಂದು ಕಂಡಿತು.

ಕನಸು ಓದು, ಉದ್ಯೋಗ, ಸ್ನೇಹಗಳನ್ನೇ ನುಂಗಿದಾಗ ಏನೆನ್ನಬೇಕು? 2002ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ ಇದಕ್ಕೆ ‘ಮಾಲ್‌ಅಡಾಪ್ಟಿವ್ ಡೇಡ್ರೀಮಿಂಗ್’ ಎಂಬ ಹೆಸರಿಟ್ಟರು. ಬದುಕಿಗೆ ಒಗ್ಗದ ಹಗಲುಗನಸು ಎಂದು ಅದರರ್ಥ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿಲ್ಲ.

ಬರ್ತಾ ಏನಾದಳು? ಚೇತರಿಸಿಕೊಂಡು ಮಕ್ಕಳ ಕಥೆ ಬರೆದಳು. 1904ರಲ್ಲಿ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದಳು; ಅನಾಥ ಹುಡುಗಿಯರಿಗೆ ಆಸರೆಯಾದಳು. 1954ರಲ್ಲಿ ಪಶ್ಚಿಮ ಜರ್ಮನಿ ಆಕೆಯ ಅಂಚೆಚೀಟಿ ಹೊರತಂದಿತು. ಕನಸು ಕಾಣುವ ಹುಡುಗಿಯನ್ನು ಗದರುವ ಮುನ್ನ, ಆಕೆಗೆ ಮಾಡಲು ಬೇರೇನು ಕೊಟ್ಟಿದ್ದೇವೆ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಡವೇ?