ರಕ್ತ ಕೊಡೋಕೆ ಯಾಕಿಷ್ಟು ತಡ?

ಸಿನಿಮಾಗಳಲ್ಲಿ ರಕ್ತ ಕೊಡುವ ದೃಶ್ಯ ಬರುತ್ತಲ್ಲ, ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ. 1977ರಲ್ಲಿ ಬಂದ ‘ಅಮರ್ ಅಕ್ಬರ್ ಆಂಥೋನಿ’ ಹಿಂದಿ ಚಿತ್ರ ನೋಡದವರು ಕಡಿಮೆ. ಮೂರು ಜನ ಗಂಡಸರು ಸಾಲಾಗಿ ಮಲಗಿದ್ದಾರೆ. ಮೂವರ ತೋಳಿನಿಂದಲೂ ರಕ್ತ ಹೊರಟು, ಒಂದೇ ಬಾಟಲಿ ಸೇರಿ, ಅಲ್ಲಿಂದ ಒಬ್ಬ ಹೆಂಗಸಿನ ಮೈಗೆ ಇಳಿಯುತ್ತದೆ. ಆಕೆ ತಮ್ಮ ಹೆತ್ತ ತಾಯಿ ಅನ್ನೋದು ಆ ಮೂವರಿಗೂ ಗೊತ್ತಿಲ್ಲ. ಥಿಯೇಟರಿನಲ್ಲಿ ಕಣ್ಣೀರು, ಚಪ್ಪಾಳೆ. ಆದರೆ ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ಆ ದೃಶ್ಯ ನೋಡಿ ಅವರು ಬೆಚ್ಚಿ ಬೀಳುತ್ತಾರೆ.

ಸಿನಿಮಾದಲ್ಲಿ ರಕ್ತ ಒಂದು ನಿಮಿಷದಲ್ಲಿ ಸಿಗುತ್ತೆ. ನಿಜವಾದ ಆಸ್ಪತ್ರೆಯಲ್ಲಿ ಸಿಗಲ್ಲ. ಸ್ಯಾಂಪಲ್ ತನ್ನಿ ಅಂತಾರೆ, ಫಾರ್ಮ್ ತುಂಬಿಸಿ ಅಂತಾರೆ, ಕ್ರಾಸ್ ಮ್ಯಾಚ್ ಆಗಬೇಕು, ಕೂತ್ಕೊಳ್ಳಿ ಅಂತಾರೆ. ಮುಕ್ಕಾಲು ಗಂಟೆ, ಕೆಲವು ಸಲ ಒಂದು ಗಂಟೆ. ಒಳಗೆ ರೋಗಿ, ಹೊರಗೆ ಮನೆಯವರು. ‘ಗ್ರೂಪು ಯಾವುದು ಅಂತ ಬರೆದು ಕೊಟ್ಟಿದೀವಲ್ಲ, ಅದೇ ಗ್ರೂಪಿನ ಬಾಟಲಿ ನಿಮ್ಮ ಫ್ರಿಜ್ಜಿನಲ್ಲಿ ಇದೆಯಲ್ಲ, ಮತ್ತೇನು ನೋಡ್ತಾ ಕೂತಿದೀರಿ?’ ಅಂತ ಕಿಟಕಿಯ ಮುಂದೆ ಜಗಳಗಳೇ ಆಗುತ್ತವೆ.

ಪ್ರಶ್ನೆ ತಪ್ಪಲ್ಲ. ಜೀವ ಹೋಗುತ್ತಿರುವಾಗ ಯಾರಾದರೂ ಕೇಳುವ ಪ್ರಶ್ನೆ ಅದು. ಆದರೆ ಉತ್ತರ ಬೇಕು ಅಂದರೆ ನಾವು ಸುಮಾರು ಮುನ್ನೂರೈವತ್ತು ವರ್ಷ ಹಿಂದಕ್ಕೆ, ಪ್ಯಾರಿಸ್ ನಗರಕ್ಕೆ ಹೋಗಬೇಕು.

ಅದು 1667ನೇ ಇಸವಿ. ದೇಹದಲ್ಲಿ ರಕ್ತ ಸುತ್ತು ಹಾಕುತ್ತದೆ ಅಂತ ಇಂಗ್ಲೆಂಡಿನ ವಿಲಿಯಂ ಹಾರ್ವೆ ಪುಸ್ತಕ ಬರೆದು ಆಗಲೇ ನಲವತ್ತು ವರ್ಷ ಆಗುತ್ತಾ ಬಂದಿತ್ತು. ಸುತ್ತುತ್ತದೆ ಅಂದಮೇಲೆ ಹೊರಗಿನಿಂದ ಯಾಕೆ ತುಂಬಿಸಬಾರದು? ಝಾನ್ ಬ್ಯಾಪ್ಟಿಸ್ಟ್ ಡೆನಿ ಎಂಬ ವೈದ್ಯನಿಗೆ ಈ ಯೋಚನೆ ಬಂತು. ಜ್ವರದಿಂದ ಸೊರಗಿದ್ದ ಹದಿನೈದು ವರ್ಷದ ಹುಡುಗನೊಬ್ಬನಿಗೆ ಆ ವರ್ಷದ ಜೂನ್‌ನಲ್ಲಿ ಕುರಿಮರಿಯ ರಕ್ತ ಹಾಕಿದ. ಹುಡುಗ ಬದುಕಿದ! ಅದೇ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಆರ್ಥರ್ ಕೋಗಾ ಎಂಬಾತನಿಗೆ 20 ಶಿಲ್ಲಿಂಗ್ ಕೊಟ್ಟು, ಆತನ ಮೈಗೂ ಕುರಿಯ ರಕ್ತ ಹಾಕಿದರು. ಆತನೂ ಬದುಕಿದ. ಮೈಗೆ ಹೋದ ರಕ್ತ ಕಡಿಮೆ ಇತ್ತು, ಅದೃಷ್ಟ ಜೋರಾಗಿತ್ತು, ಅಷ್ಟೇ. ಆದರೆ ಡೆನಿಗೆ ಧೈರ್ಯ ಬಂದುಬಿಟ್ಟಿತು.

ಮುಂದಿನ ರೋಗಿಯ ಹೆಸರು ಆಂಟ್ವಾನ್ ಮೊರ್ವಾ. ಬುದ್ಧಿ ಕೆಟ್ಟು ಬೀದಿ ಅಲೆಯುತ್ತಿದ್ದವನು. ಸಾಧು ಪ್ರಾಣಿಯಾದ ಕರುವಿನ ರಕ್ತ ಹಾಕಿದರೆ ಮನುಷ್ಯನೂ ಸಾಧುವಾಗುತ್ತಾನೆ ಅನ್ನೋದು ಲೆಕ್ಕ. ಮೊದಲ ಸಲ ಹಾಕಿದಾಗ ದೊಡ್ಡ ತೊಂದರೆ ಕಾಣಲಿಲ್ಲ. ಎರಡನೇ ಸಲ ಹಾಕಿದರು. ತೋಳು ಉರಿಯತೊಡಗಿತು, ಮೈಯೆಲ್ಲ ಬೆವರು, ಸೊಂಟದಲ್ಲಿ ತಡೆಯಲಾರದ ನೋವು, ವಾಂತಿ. ಮಾರನೆಯ ದಿನ ಆತನ ಮೂತ್ರ ಒಲೆಯ ಮಸಿ ಕದಡಿದ ಹಾಗೆ ಕಪ್ಪಗಿತ್ತು. ಡೆನಿ ಇದನ್ನೆಲ್ಲ ತಾನೇ ಬರೆದಿಟ್ಟ. ಏನಾಗುತ್ತಿದೆ ಅನ್ನೋದು ಮಾತ್ರ ಆತನಿಗೆ ತಿಳಿಯಲಿಲ್ಲ.

ಏನಾಗಿತ್ತು? ಇದು ಪರರ ರಕ್ತ ಅಂತ ಮೊರ್ವಾನ ದೇಹ ಗುರುತು ಹಿಡಿದಿತ್ತು. ಎರಡನೇ ಸಲ ಬಂದ ಕೂಡಲೇ ಮೇಲೆ ಬಿದ್ದು ಕೆಂಪು ಕಣಗಳನ್ನು ಒಡೆದು ಹಾಕಿತು. ಒಡೆದ ಕಣಗಳ ಬಣ್ಣ ಕಿಡ್ನಿಯ ಮೂಲಕ ಹೊರಗೆ ಬಂತು. ಇವತ್ತಿಗೂ ಹೊಂದದ ರಕ್ತ ಮೈಗೆ ಹೋದರೆ ಇದೇ ಲಕ್ಷಣ: ಚಳಿಜ್ವರ, ಸೊಂಟ ನೋವು, ಬಣ್ಣ ಬದಲಾದ ಮೂತ್ರ. 1668ರ ಆರಂಭದಲ್ಲಿ ಮೊರ್ವಾ ಸತ್ತ. ಡೆನಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಹೆಂಡತಿಯೇ ವಿಷ ಹಾಕಿದಳು ಎಂಬ ಅನುಮಾನ ಎದ್ದು ಡೆನಿ ಬಚಾವಾದ. ಆದರೆ ರಕ್ತ ಹಾಕುವ ವಿದ್ಯೆಗೆ ಬೀಗ ಬಿತ್ತು. ಮುಂದಿನ ನೂರೈವತ್ತು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ.

ಬೀಗ ತೆಗೆದವನು ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಹೆಂಗಸರು ಕಣ್ಣೆದುರೇ ಸಾಯುವುದನ್ನು ನೋಡಿ ನೋಡಿ ಬೇಸತ್ತವನು. ಮನುಷ್ಯನಿಗೆ ಮನುಷ್ಯನ ರಕ್ತವೇ ಆಗಬೇಕು, ಪ್ರಾಣಿಯದ್ದಲ್ಲ ಅಂತ ಖಡಾಖಂಡಿತವಾಗಿ ಹೇಳಿದ. 1818ರಲ್ಲಿ ಮೊದಲ ಪ್ರಯತ್ನ. 1825ರಿಂದ 1830ರೊಳಗೆ ಹತ್ತು ಜನಕ್ಕೆ ರಕ್ತ ಕೊಟ್ಟ. ಸುಮಾರು ಅರ್ಧದಷ್ಟು ಜನರಿಗೆ ಅನುಕೂಲವಾಯಿತು. ಇನ್ನರ್ಧ ಜನ? ಕೆಲವರು ಮೊದಲೇ ಕೈಮೀರಿ ಹೋಗಿದ್ದರು. ಆದರೆ ಇದೇ ಶತಮಾನದ ಉದ್ದಕ್ಕೂ ಯಾರಿಗೆ ರಕ್ತ ಕೊಟ್ಟರೆ ಎದ್ದು ಕೂರುತ್ತಾರೆ, ಯಾರಿಗೆ ಕೊಟ್ಟರೆ ನಡುಗಿ ಸಾಯುತ್ತಾರೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಚಿಕಿತ್ಸೆಯಾಗಿರಲಿಲ್ಲ ಅದು, ಜೂಜಾಗಿತ್ತು.

ಜೂಜಿನ ಗುಟ್ಟು ಬಿಡಿಸಿದವನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಆತ ಮಾಡಿದ ಕೆಲಸ ಎಷ್ಟು ಸರಳ ಅಂದರೆ ನಂಬೋಕೆ ಕಷ್ಟ. ತನ್ನದೂ ಸೇರಿ ಪ್ರಯೋಗಾಲಯದ ಆರು ಜನರ ರಕ್ತ ತೆಗೆದ. ಕೆಂಪು ಕಣಗಳನ್ನು ಬೇರೆ, ತಿಳಿನೀರಿನಂಥ ಸೀರಮ್ ಬೇರೆ ಮಾಡಿದ. ಒಬ್ಬರ ಕಣಕ್ಕೆ ಇನ್ನೊಬ್ಬರ ಸೀರಮ್ ಬೆರೆಸುತ್ತಾ ಹೋದ. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವು ಜೋಡಿಗಳಲ್ಲಿ ಕಣಗಳು ಒಡೆದ ಮೊಸರಿನ ಹಾಗೆ ಗಂಟುಗಂಟಾದವು. ಆರೂ ಜನ ಆರೋಗ್ಯವಂತರು. ಹಾಗಾದರೆ ಇದು ರೋಗವಲ್ಲ, ಹುಟ್ಟುಗುಣ. 1901ರಲ್ಲಿ ಆತ ಮೂರು ಗುಂಪುಗಳನ್ನು ಪ್ರಕಟಿಸಿದ. ನಾಲ್ಕನೆಯದಾದ ಎಬಿ ಗುಂಪನ್ನು 1902ರಲ್ಲಿ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಪತ್ತೆ ಮಾಡಿದರು. ಈ ಸ್ಟುರ್ಲಿ ಯಾರು ಗೊತ್ತಾ? ಲ್ಯಾಂಡ್‌ಸ್ಟೈನರ್‌ಗೆ ರಕ್ತ ಕೊಟ್ಟಿದ್ದ ಆರು ಜನರಲ್ಲಿ ಒಬ್ಬ!

ಇನ್ನೇನು, ಗುಟ್ಟು ಸಿಕ್ಕಿತಲ್ಲ, ಮರುದಿನದಿಂದಲೇ ಜಗತ್ತಿನ ಆಸ್ಪತ್ರೆಗಳೆಲ್ಲ ಪರೀಕ್ಷೆ ಶುರು ಮಾಡಿರಬೇಕು ಅಂದುಕೊಂಡಿರಾ? ಇಲ್ಲ. ಇಲ್ಲೇ ಇರೋದು ಈ ಇತಿಹಾಸದ ನೋವು. ವರ್ಷಗಟ್ಟಲೆ ಈ ಜ್ಞಾನ ಪತ್ರಿಕೆಯ ಪುಟಗಳಲ್ಲಿ ಮಲಗಿತ್ತು. 1907ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ರೂಬೆನ್ ಆಟೆನ್‌ಬರ್ಗ್ ಎಂಬ ಯುವ ವೈದ್ಯ, ರಕ್ತ ಹಾಕುವ ಮೊದಲು ಕೊಡುವವರ ರಕ್ತವನ್ನೂ ತೆಗೆದುಕೊಳ್ಳುವವರ ರಕ್ತವನ್ನೂ ಗಾಜಿನಲ್ಲಿ ಬೆರೆಸಿ ನೋಡಲು ಶುರು ಮಾಡಿದ. ಗಾಜಿನಲ್ಲಿ ಜಗಳ ಆಡಿದರೆ ಮೈಯೊಳಗೆ ಬಿಡಬೇಡ, ಅಷ್ಟೇ ತತ್ವ. ಇದೇ ಇವತ್ತಿನ ಕ್ರಾಸ್ ಮ್ಯಾಚ್. 1913ರಲ್ಲಿ ಆತ 128 ಸಲ ರಕ್ತ ಹಾಕಿದ ಅನುಭವದ ಮೇಲೆ ಬರೆದ: ಮೊದಲೇ ಪರೀಕ್ಷೆ ಮಾಡಿದರೆ ಈ ಅನಾಹುತಗಳನ್ನು ತಡೆಯಬಹುದು. ಓ ಗುಂಪಿನ ರಕ್ತ ಯಾರಿಗೆ ಬೇಕಾದರೂ ನಡೆಯುತ್ತದೆ ಎಂಬ ಮಾತು ಚಾಲ್ತಿಗೆ ಬಂದದ್ದೂ ಆ ದಿನಗಳಲ್ಲೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸರಿ, ಗುಂಪು ನೋಡಿ ಕೊಟ್ಟರೆ ಸಾಕಲ್ಲ? ಹೆಚ್ಚುಕಮ್ಮಿ ಇಪ್ಪತ್ತೈದು ವರ್ಷ ವೈದ್ಯರೂ ಹಾಗೇ ಅಂದುಕೊಂಡಿದ್ದರು.

ನ್ಯೂಯಾರ್ಕಿನಲ್ಲೇ ಒಬ್ಬ ಹೆಂಗಸು. ಹೊಟ್ಟೆಯಲ್ಲಿದ್ದ ಮಗು ತೀರಿಕೊಂಡಿತ್ತು, ರಕ್ತಸ್ರಾವ. ಗಂಡನದೂ ಅವಳದೂ ಒಂದೇ ಗುಂಪು, ಓ. ಗಂಡನ ರಕ್ತವನ್ನೇ ಹಾಕಿದರು. ಚಳಿ ಹತ್ತಿತು, ಮೈ ನೋವು, ಮೂತ್ರದಲ್ಲಿ ರಕ್ತದ ಬಣ್ಣ. ಮೊರ್ವಾನಿಗೆ ಆದದ್ದೇ ಆಯಿತು! ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಅವಳ ಸೀರಮ್ ತೆಗೆದು 104 ಜನ ಓ ಗುಂಪಿನವರ ಕಣಗಳಿಗೆ ಬೆರೆಸಿ ನೋಡಿದರು. 80 ಜನರದ್ದು ಗಂಟು ಕಟ್ಟಿತು. ಅಂದರೆ ಎ, ಬಿ, ಓ ಲೆಕ್ಕದ ಆಚೆಗೂ ಇನ್ನೇನೋ ಇದೆ. 1939ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಅದಕ್ಕೊಂದು ಹೆಸರು ಸಿಗುವಂತೆ ಮಾಡಿದರು: ಆರ್‌ಎಚ್. ನಿಮ್ಮ ಬ್ಲಡ್ ಗ್ರೂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಅಂತ ಬರೆಯುತ್ತಾರಲ್ಲ, ಅದು ಇದೇ. ತಂದೆಯಿಂದ ಮಗುವಿಗೆ ಬಂದಿದ್ದ ಗುಣದ ವಿರುದ್ಧ ತಾಯಿಯ ದೇಹ ಬಸುರಿನಲ್ಲೇ ಸಿದ್ಧವಾಗಿತ್ತು. ಗಂಡನ ರಕ್ತ ಅವಳಿಗೆ ಶತ್ರುವಿನ ಹಾಗೆ ಕಂಡಿತು.

ನಮ್ಮಲ್ಲಿ ರಕ್ತಸಂಬಂಧ ಅಂತೀವಿ. ‘ನಾನು ಅವರ ಸ್ವಂತ ಮಗ, ನನ್ನ ರಕ್ತ ಹೊಂದದೇ ಇರುತ್ತಾ?’ ಅಂತ ಕೇಳುವವರಿದ್ದಾರೆ. ಹೊಂದದೇ ಇರಬಹುದು. ತಾಯಿ ಓ, ತಂದೆ ಎಬಿ ಆಗಿದ್ದರೆ ಮಕ್ಕಳು ಸಾಮಾನ್ಯವಾಗಿ ಎ ಅಥವಾ ಬಿ. ಒಬ್ಬ ಮಗನ ರಕ್ತವೂ ತಾಯಿಗೆ ಆಗಲ್ಲ. ಹೆತ್ತ ಕರುಳು ಅನ್ನೋದು ಸೀರಮ್‌ಗೆ ಗೊತ್ತಾಗಲ್ಲ.

ಇನ್ನೊಂದು ಕಷ್ಟ ಉಳಿದಿತ್ತು. ಕೆಲವು ಪ್ರತಿಕಾಯಗಳು ಕೆಂಪು ಕಣದ ಮೇಲೆ ಸದ್ದಿಲ್ಲದೆ ಕೂರುತ್ತವೆ, ಆದರೆ ಗಾಜಿನಲ್ಲಿ ಗಂಟು ಕಟ್ಟಲ್ಲ. ಪರೀಕ್ಷೆಯಲ್ಲಿ ಪಾಸ್, ಮೈಯೊಳಗೆ ಹೋದಮೇಲೆ ಕಿತಾಪತಿ. ಈ ಕಳ್ಳರನ್ನು ಹಿಡಿದವನು ಪಶುವೈದ್ಯನಾಗಿ ಓದಿದ್ದ ಕೇಂಬ್ರಿಜ್ಜಿನ ರಾಬಿನ್ ಕೂಂಬ್ಸ್. ಯುದ್ಧಕಾಲದ ರೈಲಿನ ಮಬ್ಬು ಬೆಳಕಿನಲ್ಲಿ ಆತನಿಗೆ ಉಪಾಯ ಹೊಳೆಯಿತಂತೆ. ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಮೊಲದಲ್ಲಿ ತಯಾರಿಸಿ, ಅದನ್ನು ಬೆರೆಸಿದರೆ? ಅದು ಕೈಕೈ ಜೋಡಿಸಿ ಕಣಗಳನ್ನು ಗಂಟು ಕಟ್ಟುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. 1945ರಲ್ಲಿ ಮೌರಂಟ್ ಮತ್ತು ರೇಸ್ ಜೊತೆ ಸೇರಿ ಕೂಂಬ್ಸ್ ಇದನ್ನು ಪ್ರಕಟಿಸಿದ. ಸೋಜಿಗ ಏನೆಂದರೆ ಇಟಲಿಯ ಕಾರ್ಲೊ ಮೊರೆಸ್ಕಿ ಇದೇ ತತ್ವವನ್ನು 1908ರಲ್ಲೇ ಹೇಳಿದ್ದ. ಮೂವತ್ತೇಳು ವರ್ಷ ಯಾರೂ ಅದನ್ನು ರಕ್ತ ಕೊಡುವ ಕೆಲಸಕ್ಕೆ ಬಳಸಿರಲಿಲ್ಲ. ಮತ್ತದೇ ಕಥೆ: ಗೊತ್ತಿರುವುದು ಬೇರೆ, ಗೊತ್ತಿರುವುದನ್ನು ಮಾಡಿ ನೋಡುವುದು ಬೇರೆ.

ಈಗ ನಮ್ಮ ಪಕ್ಕದ ಊರಿಗೆ ಬರೋಣ. ಮುಂಬೈ, ಆಗಿನ ಬಾಂಬೆ. ಎಲ್ಲ ಲೆಕ್ಕದಲ್ಲೂ ಓ ಗುಂಪು ಅಂತ ಕಾಣುವ ಕೆಲವರ ಸೀರಮ್, ಓ ಗುಂಪಿನವರ ರಕ್ತವನ್ನೂ ಗಂಟು ಕಟ್ಟಿಸುತ್ತಿತ್ತು. ಯಾವ ದಾನಿಯ ರಕ್ತವೂ ಹೊಂದುತ್ತಿರಲಿಲ್ಲ. ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಇದೇ ಬಾಂಬೆ ಬ್ಲಡ್ ಗ್ರೂಪ್. ಎ ಮತ್ತು ಬಿ ಗುಣಗಳು ಎಚ್ ಎಂಬ ತಳಪಾಯದ ಮೇಲೆ ಕಟ್ಟಿದ ಮನೆಗಳು. ಓ ಗುಂಪಿನವರಲ್ಲಿ ಮನೆ ಇಲ್ಲ, ಬರೀ ತಳಪಾಯ ಇದೆ. ಬಾಂಬೆ ಗುಂಪಿನವರಲ್ಲಿ ತಳಪಾಯವೇ ಇಲ್ಲ. ಹಾಗಾಗಿ ‘ಯಾರಿಗೆ ಬೇಕಾದರೂ ನಡೆಯುತ್ತದೆ’ ಎಂದಿದ್ದ ಓ ನೆಗೆಟಿವ್ ರಕ್ತ ಕೂಡ ಇವರ ಪಾಲಿಗೆ ವಿಷ. ಇವರಿಗೆ ಇವರ ಗುಂಪಿನದ್ದೇ ಆಗಬೇಕು.

ಇದು ನಮ್ಮಿಂದ ದೂರದ ಮಾತಲ್ಲ. ಭಾರತದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು ಹೀಗಿದ್ದಾರೆ ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಕರ್ನಾಟಕದಲ್ಲೂ ಇದ್ದಾರೆ. ತಂದೆ, ತಾಯಿ ಇಬ್ಬರ ಕಡೆಯಿಂದಲೂ ಆ ಜೀನ್ ಬಂದರೆ ಮಾತ್ರ ಮಗು ಬಾಂಬೆ ಗುಂಪಿನದಾಗುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆತನಗಳಲ್ಲಿ ಆ ಸಾಧ್ಯತೆ ಹೆಚ್ಚು. ಎ ಮತ್ತು ಬಿ ಮಾತ್ರ ನೋಡುವ ಪರೀಕ್ಷೆಯಲ್ಲಿ ಇವರು ಓ ಅಂತಲೇ ಬರುತ್ತಾರೆ. ಐಡಿ ಕಾರ್ಡಿನಲ್ಲೂ ಓ, ಡ್ರೈವಿಂಗ್ ಲೈಸೆನ್ಸಿನಲ್ಲೂ ಓ. ಸೀರಮ್ಮನ್ನೂ ಪರೀಕ್ಷಿಸಿದಾಗ, ಇಲ್ಲವೇ ಕ್ರಾಸ್ ಮ್ಯಾಚ್ ಮಾಡಿದಾಗ ಸತ್ಯ ಹೊರಗೆ ಬರುತ್ತದೆ. ಈಗ ಹೇಳಿ, ಗ್ರೂಪು ಬರೆದುಕೊಟ್ಟಿದೀವಲ್ಲ ಅನ್ನೋದು ಸಾಕಾ?

ಹೋದ ತಿಂಗಳು ಟೆಸ್ಟ್ ಮಾಡಿದ್ದರಲ್ಲ ಅಂದರೂ ಆಗಲ್ಲ. ಒಮ್ಮೆ ರಕ್ತ ಪಡೆದ ಮೇಲೆ, ಒಮ್ಮೆ ಬಸುರಾದ ಮೇಲೆ ದೇಹ ಹೊಸ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡಿರಬಹುದು. ಅದಕ್ಕೇ ಥಲಸ್ಸೇಮಿಯಾ ಮಕ್ಕಳಿಗೆ ಪ್ರತಿ ಸಲವೂ ಹೊಸ ಸ್ಯಾಂಪಲ್ ಕೇಳುತ್ತಾರೆ. ಪೂರ್ತಿ ಪರೀಕ್ಷೆಗೆ ಪುರುಸೊತ್ತೇ ಇಲ್ಲದಷ್ಟು ರಕ್ತ ಹೋಗುತ್ತಿದ್ದರೆ ವೈದ್ಯರು ಓ ನೆಗೆಟಿವ್ ಹಾಕುತ್ತಾರೆ, ನಿಜ. ಅದು ಸಾವನ್ನು ಎದುರಿಗಿಟ್ಟುಕೊಂಡು ತೆಗೆದುಕೊಳ್ಳುವ ರಿಸ್ಕು. ಆ ನಿರ್ಧಾರ ವೈದ್ಯರದ್ದಾಗಬೇಕು, ಕಿಟಕಿಯ ಮುಂದಿನ ಗಲಾಟೆಯದ್ದಲ್ಲ.

ಹಾಗಂತ ತಡವಾದದ್ದಕ್ಕೆಲ್ಲ ವಿಜ್ಞಾನವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಟೆಕ್ನಿಷಿಯನ್ ಇಲ್ಲ, ಸ್ಯಾಂಪಲ್ ಒಯ್ಯುವವರಿಲ್ಲ, ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವವರಿಲ್ಲ ಅಂತಾದರೆ ಕೇಳಲೇಬೇಕು, ಜೋರಾಗಿಯೇ ಕೇಳಬೇಕು. ಪರೀಕ್ಷೆಗೆ ಬೇಕಾದ ಸಮಯ ಬೇರೆ, ಅಸಡ್ಡೆಗೆ ಹೋದ ಸಮಯ ಬೇರೆ. ಎರಡರ ವ್ಯತ್ಯಾಸ ಗೊತ್ತಿದ್ದರೆ ಜಗಳವನ್ನಾದರೂ ಸರಿಯಾದ ಜಾಗದಲ್ಲಿ ಆಡಬಹುದು.

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ವಿಜ್ಞಾನ ಬಂದಮೇಲೂ ಗುಂಪು ತಪ್ಪಿದ ರಕ್ತ ರೋಗಿಗೆ ಹೋಗುವುದು ಪೂರ್ತಿ ನಿಂತಿಲ್ಲ. ಇಂಥ ಪ್ರಕರಣಗಳನ್ನು ದಾಖಲಿಸಲು ಭಾರತದಲ್ಲಿ 2012ರ ಡಿಸೆಂಬರ್‌ನಿಂದ ಹಿಮೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಜಗತ್ತಿನಾದ್ಯಂತ ಕಂಡಿರುವುದು ಏನೆಂದರೆ, ಇಂಥ ಅನಾಹುತಗಳಿಗೆ ಬಹುತೇಕ ಕಾರಣ ಪರೀಕ್ಷೆಯ ದೋಷ ಅಲ್ಲ, ಹೆಸರಿನ ಗೊಂದಲ. ಒಬ್ಬರ ಸ್ಯಾಂಪಲ್ ಮೇಲೆ ಇನ್ನೊಬ್ಬರ ಚೀಟಿ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ, ಇಬ್ಬರು ಲಕ್ಷ್ಮಮ್ಮ. ಮುನ್ನೂರು ವರ್ಷದ ಜ್ಞಾನವನ್ನು ಒಂದು ತಪ್ಪು ಚೀಟಿ ಹಾಳು ಮಾಡಿಬಿಡುತ್ತದೆ.

ಹಾಗಾಗಿ ನರ್ಸಮ್ಮ ಬಾಟಲಿ ಹಿಡಿದು ಬಂದು ಮೂರನೇ ಸಲ ‘ಹೆಸರೇನಮ್ಮಾ?’ ಅಂತ ಕೇಳಿದರೆ ರೇಗಬೇಡಿ. ಪೂರ್ತಿ ಹೆಸರು ಹೇಳಿ. ಚೀಟಿಯಲ್ಲಿರುವ ಹೆಸರು, ಆಸ್ಪತ್ರೆ ನಂಬರು, ಗುಂಪು ನೀವೂ ಒಮ್ಮೆ ಓದಿ. ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಲ್ಲೇ ಇರಿ. ಚಳಿ, ನಡುಕ, ಸೊಂಟ ನೋವು ಅಂದರೆ ತಕ್ಷಣ ಕೂಗಿ ಕರೆಯಿರಿ. ಆಂಟ್ವಾನ್ ಮೊರ್ವಾ ಕೂಡ ಅದನ್ನೇ ಹೇಳಿದ್ದ. ಆಗ ಅದರ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ.