ಅಮ್ಮನ ರೆಪ್ಪೆಯ ನುಸಿ

ನಮ್ಮೂರಲ್ಲಿ ನುಸಿ ಅಂದ್ರೆ ತೆಂಗಿಗೆ ಬರೋ ರೋಗ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಆ ನುಸಿ ನಮ್ಮ ತೋಟಗಳಿಗೂ ನುಗ್ಗಿದಾಗ ನಾನಿನ್ನೂ ಸ್ಕೂಲಲ್ಲಿದ್ದೆ. ಸಿಪ್ಪೆ ಕಂದುಗಟ್ಟಿ ಬಿರಿದ ಸಣ್ಣ ಸಣ್ಣ ಕಾಯಿಗಳು ಇನ್ನೂ ನೆನಪಿವೆ. ಹಾಗಾಗಿ ಹೋದ ವರ್ಷ ಕಣ್ಣಿನ ಡಾಕ್ಟರು ಅಮ್ಮನ ರೆಪ್ಪೆಕೂದಲ ಬುಡದಲ್ಲಿ ಅಂಟಿದ್ದ ಹೊಟ್ಟು ನೋಡಿ, "ನುಸಿ ಇದೆ" ಅಂದಾಗ ಅಮ್ಮ ಕಂಗಾಲಾದಳು. ಮನೆಗೆ ಬಂದವಳೇ ದಿಂಬಿನ ಕವರೆಲ್ಲ ಕುದಿಯೋ ನೀರಿಗೆ ಹಾಕಿದಳು. ನನ್ನ ಆರು ತಿಂಗಳ ಮಗಳನ್ನು ಎತ್ತಿಕೊಳ್ಳೋದೇ ಬಿಟ್ಟಳು. "ನಾನೇನು ಕೊಳಕಿಯೇನೋ?" ಅಂತ ಒಂದು ಸಲ ಕೇಳಿದಳು, ಅಷ್ಟೇ.

ಬಗ್ ಬಂದ್ರೆ ಮೊದಲು ಹಳೇ ಲಾಗ್ ತೆಗೆಯೋದು ನಮ್ಮ ಕಸುಬಿನ ಚಟ. ರಾತ್ರಿ ಕೂತು ಈ ನುಸಿಯ ಚರಿತ್ರೆ ತೆಗೆದೆ.

ನುಸಿ ಅಂದ್ರೆ ಕೊಳಕು ಅನ್ನೋ ಹೆಸರು ಬಂದಿದ್ದರಲ್ಲಿ ಇದರ ದಾಯಾದಿಯದ್ದೂ ಪಾಲಿದೆ. 1834ರಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಸಿಕಾ ದ್ವೀಪದ ರೆನೂಚಿ ಎಂಬ ವೈದ್ಯ ವಿದ್ಯಾರ್ಥಿ, ರೋಗಿಯ ಚರ್ಮದಿಂದ ಸೂಜಿಯ ಮೊನೆಯಲ್ಲಿ ಕಜ್ಜಿಯ ನುಸಿಯನ್ನು ಎಬ್ಬಿಸಿ ತೋರಿಸಿದ. ತನ್ನೂರಿನ ಹೆಂಗಸರು ಮನೆಯಲ್ಲೇ ಮಾಡುತ್ತಿದ್ದ ಕೆಲಸ ಅದು. ದೊಡ್ಡ ಡಾಕ್ಟರುಗಳಿಗೆ ಗೊತ್ತಿರಲಿಲ್ಲ! ಕಜ್ಜಿಗೆ ನುಸಿಯೇ ಕಾರಣ ಅಂತ ಖಚಿತವಾಯ್ತು. ಆಮೇಲೆ ಚರ್ಮದಲ್ಲಿ ಯಾವ ಹುಳ ಸಿಕ್ಕರೂ ಅನುಮಾನ.

ಅಂಥ ಹೊತ್ತಲ್ಲಿ, 1841ರಲ್ಲಿ, ಯಾಕೋಬ್ ಹೆನ್ಲೆ ಮನುಷ್ಯನ ಕಿವಿಯಲ್ಲಿ ನಮ್ಮ ಕಥಾನಾಯಕನನ್ನು ಕಂಡ. ಮೂತ್ರಪಿಂಡದ 'ಹೆನ್ಲೆ ಲೂಪ್' ಓದಿದ್ದೀರಲ್ಲ, ಅದೇ ಹೆನ್ಲೆ. ಮರುವರ್ಷ ಬರ್ಲಿನ್ನಿನ ಗುಸ್ತಾವ್ ಸೈಮನ್ ಅದನ್ನು ವಿವರವಾಗಿ ವರ್ಣಿಸಿದ. 1843ರಲ್ಲಿ ರಿಚರ್ಡ್ ಓವನ್ ಅದಕ್ಕೆ 'ಡೆಮೊಡೆಕ್ಸ್' ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಕೊಬ್ಬಿನ ಹುಳು ಅನ್ನೋ ಅರ್ಥ. ಇದೇ ಓವನ್ 'ಡೈನೋಸಾರ್' ಪದ ಹುಟ್ಟಿಸಿ ಆಗಷ್ಟೇ ಒಂದು ವರ್ಷವಾಗಿತ್ತು. ಅಷ್ಟು ದೊಡ್ಡದಕ್ಕೂ ಹೆಸರು, ಒಂದು ಮಿಲಿಮೀಟರಿನ ಅರ್ಧವೂ ಇಲ್ಲದ ಇದಕ್ಕೂ ಹೆಸರು!

ಆಮೇಲೆ ಇದರ ಮೇಲೆ ಬಂದ ಆರೋಪಗಳು ಒಂದೆರಡಲ್ಲ. ಮೊಡವೆಗೆ ಇದೇ, ಮುಖ ಕೆಂಪಾಗೋದಕ್ಕೆ ಇದೇ. ಗುದದ್ವಾರವೇ ಇಲ್ಲ, ಸತ್ತಾಗ ಒಟ್ಟಿಗೇ ಎಲ್ಲಾ ಹೊರಬರುತ್ತೆ ಅನ್ನೋ ಮಾತೂ ಇತ್ತು. 2022ರ ಜೀನೋಮ್ ಅಧ್ಯಯನ ಅದು ಸುಳ್ಳು ಅಂದಿತು. ಆರೋಪಗಳಿಗಿದ್ದ ತೊಡಕು ಒಂದೇ: ಏನೂ ತೊಂದರೆಯಿಲ್ಲದವರ ಮುಖದಲ್ಲೂ ಇದು ಸಿಗುತ್ತಿತ್ತು. 2014ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ ಕಣ್ಣಿಗೆ ಕಂಡದ್ದು ಶೇ. 14 ಜನರಲ್ಲಿ ಮಾತ್ರ. ಡಿಎನ್‌ಎ ಹುಡುಕಿದಾಗ ಮಾತ್ರ, ಪರೀಕ್ಷೆಗೊಳಗಾದ 18 ದಾಟಿದ ಎಲ್ಲರಲ್ಲೂ ಸಿಕ್ಕಿತು. ಎಲ್ಲರಲ್ಲೂ! ಹುಟ್ಟಿದ ಮಗುವಿಗೆ ಇರೋದಿಲ್ಲ. ಅಪ್ಪ ಅಮ್ಮ ಮುದ್ದಾಡುತ್ತಾ ಹೇಗೂ ದಾಟಿಸುತ್ತಾರೆ.

ಅಲ್ಲಿಗೆ ಪ್ರಶ್ನೆಯೇ ಬದಲಾಯ್ತು. ನುಸಿ ಯಾಕೆ ಬಂತು ಅನ್ನೋದಲ್ಲ, ಈ ಒಬ್ಬರಲ್ಲಿ ಯಾಕೆ ಇಷ್ಟೊಂದು ಹೆಚ್ಚಿತು ಅನ್ನೋದು. ವಯಸ್ಸಾದಂತೆ ಹೆಚ್ಚುತ್ತವೆ. ರೊಸೇಸಿಯಾ ಇದ್ದವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹೆಚ್ಚುತ್ತವೆ. ಇನ್ನೊಂದು ಕಾರಣ ಓದುವಾಗ ನಾನು ಎದ್ದು ಕೂತೆ: ಮುಖಕ್ಕೆ ದಿನಾ ಹಚ್ಚೋ ಸ್ಟಿರಾಯ್ಡ್ ಕ್ರೀಮು. ಚರ್ಮದ ಕಾವಲನ್ನು ಅದು ಮಲಗಿಸಿಬಿಡುತ್ತೆ.

ಬೆಳಗ್ಗೆ ಎದ್ದವನೇ, "ಅಮ್ಮ, ಬಂಗಿಗೆ ಏನು ಹಚ್ತಿದ್ದೀಯ?" ಅಂತ ಕೇಳಿದೆ. ಮೆಡಿಕಲ್ ಸ್ಟೋರಿನವನು ಚೀಟಿ ಇಲ್ಲದೆ ಕೊಟ್ಟ ಟ್ಯೂಬು ತಂದಳು. ಮೂರು ವರ್ಷದಿಂದ ಅದೇ ಅಂತೆ. ಸಣ್ಣ ಅಕ್ಷರದಲ್ಲಿ ಸ್ಟಿರಾಯ್ಡಿನ ಹೆಸರಿತ್ತು. ತಟ್ಟನೆ ನಿಲ್ಲಿಸಿದರೂ ಮುಖ ಉರಿಯುತ್ತೆ, ಅದಕ್ಕೇ ಅವತ್ತೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ವಾಪಸ್ ಬರುವಾಗ ಕಾರಲ್ಲಿ ಮಗಳು ಅಮ್ಮನ ತೊಡೆಯ ಮೇಲಿದ್ದಳು. ಊರು ಹತ್ತಿರ ಬಂದಾಗ ಅಮ್ಮ ಮೆಲ್ಲಗೆ ಅಂದಳು: "ಪಕ್ಕದ ಮನೆ ಹುಡುಗಿಗೆ ಮದುವೆ ಗೊತ್ತಾಗಿದ್ಯಲ್ಲ ಮಗಾ, ಮುಖ ಬೆಳ್ಳಗಾಗ್ಲಿ ಅಂತ ನಾನೇ ಒಂದು ಟ್ಯೂಬು ತರಿಸಿಕೊಟ್ಟಿದ್ದೀನಿ."