ವಹಿವಾಟಿನ ಸ್ವರೂಪ ಮತ್ತು ಕ್ಲಸ್ಟರ್ ಡೇಟಾಬೇಸ್‌ನ ಆಯ್ಕೆ

ಕ್ಲಸ್ಟರ್ ಡೇಟಾಬೇಸ್ ಬೇಕೋ ಬೇಡವೋ ಎಂಬ ಚರ್ಚೆ ಸಾಮಾನ್ಯವಾಗಿ ದತ್ತಾಂಶದ ಗಾತ್ರದಿಂದಲೇ ಶುರುವಾಗುತ್ತದೆ. ಗಾತ್ರಕ್ಕಿಂತ ಮೊದಲು ನೋಡಬೇಕಾದದ್ದು ಒಂದು ವಹಿವಾಟು ಎಷ್ಟು ಸಾಲುಗಳನ್ನು ಮುಟ್ಟುತ್ತದೆ, ಆ ಸಾಲುಗಳು ಎಲ್ಲೆಲ್ಲಿ ಕೂತಿವೆ ಎಂಬುದನ್ನು. ಮೈಎಸ್‌ಕ್ಯೂಎಲ್ ಕ್ಲಸ್ಟರ್‌ನ ಚರಿತ್ರೆಯೇ ಇದಕ್ಕೆ ಆಧಾರ. ಅದರ ಎನ್‌ಡಿಬಿ ಎಂಜಿನ್ ಹುಟ್ಟಿದ್ದು ಎರಿಕ್ಸನ್‌ನಲ್ಲಿ, ದೂರಸಂಪರ್ಕದ ಕೆಲಸಕ್ಕಾಗಿ. ಮೈಎಸ್‌ಕ್ಯೂಎಲ್ ಎಬಿ ಅದನ್ನು 2003ರಲ್ಲಿ ತನ್ನದಾಗಿಸಿಕೊಂಡಿತು. ಚಂದಾದಾರರ ಸಂಖ್ಯೆ ಕೊಟ್ಟರೆ ಒಂದು ಸಾಲು ತಕ್ಷಣ ಸಿಗಬೇಕು, ಒಂದು ಯಂತ್ರ ಕೆಟ್ಟರೂ ಸಿಗಬೇಕು: ಇದು ಆ ಕೆಲಸದ ಸ್ವಭಾವ. ಪ್ರೈಮರಿ ಕೀಯ ಹ್ಯಾಶ್‌ನಿಂದಲೇ ಸಾಲು ಯಾವ ನೋಡ್‌ನಲ್ಲಿದೆ ಎಂದು ತಿಳಿಯುವುದರಿಂದ ಎನ್‌ಡಿಬಿ ಇದನ್ನು ಸೊಗಸಾಗಿ ಮಾಡುತ್ತದೆ. ಅದೇ ಎಂಜಿನ್ನಿಗೆ ಹಲವು ಟೇಬಲ್‌ಗಳ ಜಾಯಿನ್ ಕೊಟ್ಟಾಗ, ಹಳೆಯ ಆವೃತ್ತಿಗಳಲ್ಲಿ, ಸಾಲುಗಳಿಗಾಗಿ ಮತ್ತೆ ಮತ್ತೆ ನೆಟ್‌ವರ್ಕ್ ದಾಟಬೇಕಾಗುತ್ತಿತ್ತು. ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡ್ ಎಂದುಕೊಂಡರೂ 10,000 ಸುತ್ತಿಗೆ 5 ಸೆಕೆಂಡ್. 2012ರ 7.2 ಆವೃತ್ತಿ ಜಾಯಿನ್ ಕೆಲಸವನ್ನು ಡೇಟಾ ನೋಡ್‌ಗಳಿಗೇ ಇಳಿಸಿ ಈ ಹೊರೆಯನ್ನು ತಗ್ಗಿಸಿತು.

ಗಲೇರಾದಂಥ ಕ್ಲಸ್ಟರ್‌ನಲ್ಲಿ ಪ್ರತಿ ನೋಡ್‌ನಲ್ಲೂ ಪೂರ್ತಿ ಪ್ರತಿ ಇರುತ್ತದೆ, ಆದ್ದರಿಂದ ಈ ತೊಡಕು ಅಲ್ಲಿಲ್ಲ ಎಂಬ ಆಕ್ಷೇಪ ಬರಬಹುದು. ಓದುವ ಮಟ್ಟಿಗೆ ಅದು ನಿಜ. ಬರೆಯುವಾಗ ಆಗುವುದೇ ಬೇರೆ. ‘ಮುಂದಿನ ರಸೀದಿ ಸಂಖ್ಯೆ’ಯನ್ನು ಒಂದೇ ಸಾಲಿನಲ್ಲಿಟ್ಟ ಬಿಲ್ಲಿಂಗ್ ತಂತ್ರಾಂಶವನ್ನು ತೆಗೆದುಕೊಳ್ಳಿ. ಎರಡು ಕೌಂಟರ್‌ಗಳು ಎರಡು ನೋಡ್‌ಗಳ ಮೂಲಕ ಆ ಸಾಲನ್ನು ಒಟ್ಟಿಗೇ ತಿದ್ದಿದರೆ, ಸ್ಥಳೀಯವಾಗಿ ಎರಡೂ ಸರಾಗವಾಗಿ ನಡೆಯುತ್ತವೆ. ಕಮಿಟ್ ಹೊತ್ತಿಗೆ ಕ್ರಮದಲ್ಲಿ ಹಿಂದೆ ಬಿದ್ದದ್ದು ಡೆಡ್‌ಲಾಕ್ ದೋಷದೊಂದಿಗೆ ರೋಲ್‌ಬ್ಯಾಕ್ ಆಗುತ್ತದೆ. ಮರುಪ್ರಯತ್ನದ ಕೋಡ್ ಬರೆಯದಿದ್ದರೆ ಗ್ರಾಹಕನ ಬಿಲ್ಲು ಅಲ್ಲಿಗೇ ನಿಲ್ಲುತ್ತದೆ. ನೋಡ್‌ಗಳನ್ನು ಎಷ್ಟು ಹೆಚ್ಚಿಸಿದರೂ ಆ ಒಂದು ಸಾಲಿನ ಪೈಪೋಟಿ ಕಡಿಮೆಯಾಗದು.

ವೇಗ ಹಾಗಿರಲಿ, ಸೇವೆ ನಿಲ್ಲದಿರಲು ಹಲವು ಯಂತ್ರಗಳು ಬೇಡವೇ ಎಂಬುದು ಹೆಚ್ಚು ತೂಕದ ಆಕ್ಷೇಪ. ಬೇಕು, ಆದರೆ ತಾಣ ಬದಲಾದಾಗ ಅಪ್ಲಿಕೇಶನ್ ಅದನ್ನು ತಾಳಿಕೊಳ್ಳಬೇಕು. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡ್ ಕಡಿಯಿತು. ಸ್ವಯಂಚಾಲಿತ ವ್ಯವಸ್ಥೆ ಬರೆಯುವ ಹೊಣೆಯನ್ನು ಪಶ್ಚಿಮ ಕರಾವಳಿಗೆ ವರ್ಗಾಯಿಸಿತು. ಪೂರ್ವದಲ್ಲಿ ಕೊನೆಗೆ ಬರೆದ ಕೆಲವು ದಾಖಲೆಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪೂರ್ವದ ಅಪ್ಲಿಕೇಶನ್‌ಗಳಿಗೆ ದೇಶದ ಅಗಲವನ್ನು ದಾಟಿ ಬರೆಯುವ ವಿಳಂಬವನ್ನೂ ತಾಳಲಾಗಲಿಲ್ಲ. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಪ್ರತಿಗಳಿಗೆ ಅಲ್ಲಿ ಕೊರತೆಯಿರಲಿಲ್ಲ, ವಹಿವಾಟುಗಳು ಆ ದೂರಕ್ಕೆ ಹೊಂದುವಂತಿರಲಿಲ್ಲ. ಹಾಗಾಗಿ ಕ್ಲಸ್ಟರ್‌ಗೆ ಹಣ ಹಾಕುವ ಮುನ್ನ ಒಂದು ಪೂರ್ತಿ ದಿನದ ಕ್ವೆರಿ ಲಾಗ್ ತೆಗೆದು, ಕೀ ಹಿಡಿದು ಒಂದೇ ಸಾಲು ಮುಟ್ಟುವ ವಹಿವಾಟುಗಳೆಷ್ಟು, ಒಂದೇ ಸಾಲಿಗಾಗಿ ಹಲವರು ಮುಗಿಬೀಳುವವು ಎಷ್ಟು ಎಂದು ಎಣಿಸಬೇಕು. ಎರಡನೆಯವೇ ಹೆಚ್ಚಿದ್ದರೆ ಒಂದು ಬಲವಾದ ಸರ್ವರ್, ಪಕ್ಕದಲ್ಲೊಂದು ಪ್ರತಿಕೃತಿ, ಮರಳಿಸಿ ಪರೀಕ್ಷಿಸಿದ ಬ್ಯಾಕಪ್ ಸಾಕು.